ಗೋಸುಂಬೆ ಮರಿಗೊಂದು ಮನೆ

ಗೋಸುಂಬೆಯ ಮರಿಗೆ ಮನೆ ಮಾಡಿಕೊಡುವುದು ಕಷ್ಟದ ಕೆಲಸವಲ್ಲ ಎಂದು ನಾನು ಪ್ರಾಮಾಣಿಕವಾಗಿ ನಂಬಿದ್ದೆ. ನಮ್ಮ ಕಡೆ ಕಾಲುವೆಗೆ ಹೊಸದಾಗಿ ನೀರು ಬಿಟ್ಟ ಕಾಲ ಅದು. ಶಹಾಪುರದ ಹೊರಗಿನ ಒಂದು ಕ್ಯಾಂಪಿನಲ್ಲಿ ನಾನು ಕಾಲುವೆಯ ನಕ್ಷೆ ಬರೆಯುವ ನೌಕರ. ಮೈಲುಗಟ್ಟಲೆ ನೀರಿಗೆ ದಾರಿ ತೋರಿಸುವವನಿಗೆ ಬೆರಳುದ್ದದ ಪ್ರಾಣಿಗೊಂದು ಗೂಡು ಮಾಡಲು ಬಾರದೆ?

ಮರಿ ಸಿಕ್ಕಿದ್ದು ಕಾಲುವೆ ಏರಿಯ ಮೇಲಿನ ಜಾಲಿ ಕಡಿಯುವಾಗ. ಕೂಲಿಯವರು ಅಪಶಕುನವೆಂದು ಕಲ್ಲೆತ್ತಿದ್ದರು. ನಾನು ಅಡ್ಡ ನಿಂತು, ಜೀವದಯೆಯ ಬಗ್ಗೆ ನಾಲ್ಕು ಮಾತಾಡಿ, ಅದನ್ನು ಟೋಪಿಯಲ್ಲಿ ಹಾಕಿಕೊಂಡು ಮನೆಗೆ ತಂದೆ. ನನ್ನ ಹೆಂಡತಿ ನೀಲಮ್ಮ ಸುರಪುರದವಳು. ಯಾವ ಮಾತನ್ನೂ ಎರಡು ಸಲ ಹೇಳುವ ಅಭ್ಯಾಸ ಅವಳಿಗಿಲ್ಲ.

"ಅದಕ್ಕ ಮನಿ ಯಾಕ್ರಿ? ಅಂಗಳದಾಗ ದಾಸಾಳ ಗಿಡ ಅದ. ಅದರ ಮ್ಯಾಲ ಬಿಡ್ರಿ, ತನ್ನ ಪಾಡಿಗಿ ತಾ ಇರ್ತದ," ಎಂದಳು.

ಇಷ್ಟು ಸುಲಭದ ಪರಿಹಾರವನ್ನು ನಾಲ್ಕಕ್ಷರ ಕಲಿತವನು ಒಪ್ಪುವುದು ಹೇಗೆ?

ಮೊದಲು ಉಪ್ಪಿನಕಾಯಿಯ ಗಾಜಿನ ಭರಣಿಯನ್ನು ಮೂರು ಸಲ ತೊಳೆದು, ಮುಚ್ಚಳಕ್ಕೆ ಮೊಳೆಯಿಂದ ತೂತು ಹೊಡೆದು, ಮರಿಯನ್ನು ಒಳಗೆ ಬಿಟ್ಟೆ. ಅರ್ಧ ಗಂಟೆಯಲ್ಲಿ ಗಾಜು ಬೆವೆತಿತು. ಮರಿ ಹುಣಸೆಹಣ್ಣಿನ ಬಣ್ಣಕ್ಕೆ ತಿರುಗಿ, ಒಂದು ಕಣ್ಣಿನಿಂದ ಮುಚ್ಚಳವನ್ನೂ ಇನ್ನೊಂದರಿಂದ ನನ್ನನ್ನೂ ನೋಡುತ್ತ ಬಾಯಿ ತೆರೆಯಿತು. ನೀಲಮ್ಮ ಬಂದು ಮುಚ್ಚಳ ತೆಗೆದಳು.

ಪಕ್ಕದ ಮನೆಯ ಮೈಬೂಸಾಬ ಕಾಲುವೆಯ ಗೇಟು ಎತ್ತಿ ಇಳಿಸುವವನು. ಅವನ ಗಿಳಿ ಸತ್ತು ಪಂಜರ ಖಾಲಿ ಬಿದ್ದಿತ್ತು. ಬಹಳ ಮಜಬೂತು ಎಂದು ಹೊಗಳಿ ಕೊಟ್ಟ. ನಾನು ಅದರ ಉದ್ದ, ಅಗಲ, ಎತ್ತರ ಮೂರನ್ನೂ ಅಳೆದು ಸಮರ್ಪಕವೆಂದು ತೀರ್ಮಾನಿಸಿದೆ. ಒಳಗೆ ಬಿಟ್ಟ ಮರಿ ಗಾಳಿಗೆ ಎಲೆ ಅಲುಗಿದಂತೆ ಹಿಂದೆ ಮುಂದೆ ತೂಗಿತು. ಒಂದು ಕಾಲೆತ್ತಿತು. ಯೋಚಿಸಿತು. ಆಮೇಲೆ ಎರಡು ಸರಳುಗಳ ನಡುವಿನಿಂದ ಸಾವಕಾಶವಾಗಿ ಹೊರಬಂದು ನನ್ನ ತೋಳು ಹತ್ತಿತು. ಸರಳುಗಳ ನಡುವಿನ ಅಂತರವನ್ನು ನಾನು ಅಳೆದಿರಲಿಲ್ಲ.

ಕೊನೆಗೆ ನನ್ನ ಕಣ್ಣು ಅಡುಗೆಮನೆಯಲ್ಲಿ ಹಾಲು, ಮೊಸರು ಇಡುವ ಜಾಲರಿ ಕಪಾಟಿನ ಮೇಲೆ ಬಿತ್ತು. ಗಾಳಿ ಆಡುತ್ತದೆ, ಬೆಳಕು ಬೀಳುತ್ತದೆ, ಜಾಲರಿ ಸಣ್ಣದು. ಕಚೇರಿಯ ಕಾಗದದ ಮೇಲೆ ನಕ್ಷೆಯನ್ನೇ ಬರೆದೆ. ಹಾಲು, ಮೊಸರನ್ನು ಒಕ್ಕಲೆಬ್ಬಿಸಿದೆ. ಹಾಲನ್ನು ಅಂದೇ ಬೆಕ್ಕು ಕುಡಿಯಿತು, ಮೊಸರನ್ನು ಮರುದಿನ. ಒಳಗೆ ಬೇವಿನ ಟೊಂಗೆ ನಿಲ್ಲಿಸಿ, ಹೊತ್ತುಹೊತ್ತಿಗೆ ನೀರು ಚಿಮುಕಿಸಿ, ಮಿಡತೆ ಹಾಕಲೆಂದು ಜಾಲರಿಯಲ್ಲಿ ಎರಡು ಬೆರಳು ಅಗಲದ ತೂಬು ಕತ್ತರಿಸಿದೆ. ತೂಬಿನಿಂದ ಒಳಗೆ ಹೋಗುವುದಷ್ಟೇ ನನ್ನ ನಕ್ಷೆಯಲ್ಲಿತ್ತು. ಹೊರಗೆ ಬರುವುದು ಇರಲಿಲ್ಲ.

ಕ್ಯಾಂಪಿನಲ್ಲಿ ನನ್ನ ಕಪಾಟಿನ ಸುದ್ದಿ ಹಬ್ಬಿತು. ಸೋಮವಾರ, ಸೋರುವ ಮನೆಗಳನ್ನು ನೋಡಲು ಬಂದ ನಮ್ಮ ಸಾಹೇಬರು, ಸೋರುವ ನಮ್ಮ ಮಾಡಿನತ್ತ ಕಣ್ಣೆತ್ತದೆ ನೇರ ಕಪಾಟಿಗೆ ಬಂದರು. ಹಿಂದೆ ಹೆಡ್ ಕ್ಲಾರ್ಕು, ಮೇಸ್ತ್ರಿ, ಕೊನೆಯಲ್ಲಿ ಪಂಜರ ವಾಪಸು ಕೇಳಲು ಬಂದ ಮೈಬೂಸಾಬ. ನಾನು ಇಣುಕಿದೆ. ಮರಿ ಕಾಣಲಿಲ್ಲ. ಅದು ಎಲೆಯ ಬಣ್ಣಕ್ಕೆ ತಿರುಗಿದೆ, ಸ್ವಲ್ಪ ದಿಟ್ಟಿಸಿ ನೋಡಬೇಕು ಎಂದು ವಿನಮ್ರವಾಗಿ ಅರಿಕೆ ಮಾಡಿದೆ.

ಸಾಹೇಬರು ಕನ್ನಡಕ ಏರಿಸಿ ಬಹಳ ಹೊತ್ತು ನೋಡಿದರು. "ಹಾಂ. ಬಾಲ ಕಾಣಾಕತ್ತದ," ಎಂದರು.

ಬಾಲ ಕಂಡದ್ದೇ ತಡ, ಹೆಡ್ ಕ್ಲಾರ್ಕಿಗೆ ಇಡೀ ಮೈ ಕಂಡಿತು. ಮೇಸ್ತ್ರಿಗೆ ಅದು ಕಣ್ಣು ತಿರುಗಿಸಿದ್ದೂ ಕಂಡಿತು. ಮೈಬೂಸಾಬ ಮಾತ್ರ, "ನನಗ ಬರೇ ಎಲಿ ಕಾಣ್ತಾವ್ರಿ," ಎಂದ. ಯಾದಗಿರಿಗೆ ಹೋಗಿ ಕಣ್ಣು ತೋರಿಸಿಕೊಳ್ಳುವಂತೆ ಹೆಡ್ ಕ್ಲಾರ್ಕು ಅವನಿಗೆ ಉಪದೇಶ ಮಾಡಿದರು. ಅಷ್ಟರಲ್ಲಿ ನನಗೂ ಕಂಡಿತ್ತು.

ಅವರು ಹೋದ ಮೇಲೆ ನೀಲಮ್ಮ ನನ್ನನ್ನು ಅಂಗಳಕ್ಕೆ ಕರೆದು ದಾಸವಾಳದ ಗಿಡ ತೋರಿಸಿದಳು. ಮರಿ ಅಲ್ಲಿ ಹಸಿರಾಗಿ, ಸುಖವಾಗಿ ಕುಳಿತು ನೊಣವೊಂದನ್ನು ನಾಲಿಗೆಯಿಂದ ಎಳೆದುಕೊಳ್ಳುತ್ತಿತ್ತು. ಶುಕ್ರವಾರದಿಂದ ಅಲ್ಲೇ ಇದೆಯಂತೆ. ಮತ್ತೆ ಹೇಳಲಿಲ್ಲವೇಕೆ ಎಂದು ಕೇಳಿದೆ.

"ಮೂರು ದಿನ ಖಾಲಿ ಕಪಾಟಿಗಿ ಮಿಡತಿ ಹಾಕಿದ್ರಿ. ಏನರ ಕಚೇರಿ ಕೆಲಸ ಇರಬೇಕು ಅನ್ಕೊಂಡೆ," ಎಂದಳು.

ಮರುದಿನ ಸಾಹೇಬರ ಚೀಟಿ ಬಂತು: ಕಪಾಟನ್ನು ಮರಿಯ ಸಮೇತ ಬಂಗಲೆಗೆ ಕಳಿಸುವುದು. ನಿಜ ಹೇಳೋಣವೆಂದರೆ, ಸಾಹೇಬರು ಕಂಡ ಬಾಲ ಬೇವಿನ ಕಡ್ಡಿ ಎಂದು ಹೇಳಿದಂತಾಗುತ್ತದೆ. ಅಷ್ಟು ಧೈರ್ಯವಿದ್ದಿದ್ದರೆ ನಾನು ನಕ್ಷೆ ಬರೆಯುತ್ತ ಯಾಕೆ ಕೂಡುತ್ತಿದ್ದೆ? ಮರಿಯನ್ನೇ ಹಿಡಿದು ಒಳಗೆ ಹಾಕೋಣವೆಂದು ಗಿಡದ ಹತ್ತಿರ ಹೋದೆ. ನೀಲಮ್ಮ ಲಟ್ಟಣಿಗೆ ಹಿಡಿದು ಅಡ್ಡ ನಿಂತಿದ್ದಳು.

"ಅದಕ್ಕ ಕೈ ಹಚ್ಚಿದ್ರ, ಇವತ್ತಿನಿಂದ ಆ ಕಪಾಟದಾಗ ನೀವ ಮಲಗ್ರಿ."

ಖಾಲಿ ಕಪಾಟು ಎತ್ತಿನ ಗಾಡಿಯ ಮೇಲೆ ಮೆರವಣಿಗೆ ಹೊರಟಿತು. ನಾನು ಹಿಂದೆ ಬೇವಿನ ಟೊಂಗೆ ಹಿಡಿದು ನಡೆದೆ. ಸಾಹೇಬರು ವರಾಂಡದಲ್ಲಿ ಇಡಿಸಿ, ಒಳಗೆ ನೋಡಿ, ಸ್ವಲ್ಪ ಬೆಳೆದಿದೆ ಎಂದು ಸಂತೋಷಪಟ್ಟರು. ದಿನಾ ಬೆಳಿಗ್ಗೆ ಅದಕ್ಕೆ ಆಹಾರ ಒದಗಿಸುವ ಜವಾಬ್ದಾರಿ ನನಗೇ ಬಂತು. ಏಳು ತಿಂಗಳು ನಾನು ಕಾಲುವೆ ಏರಿಯ ಮೇಲೆ ಟವೆಲ್ಲು ಬೀಸಿ ಮಿಡತೆ ಹಿಡಿದೆ. ನಾನು ಹಾಕಿದ ಮಿಡತೆಗಳು ಅದೇ ತೂಬಿನಿಂದ ಹೊರಬಂದು ಸಾಹೇಬರ ಗುಲಾಬಿ ಗಿಡಗಳನ್ನು ಬೋಳಿಸಿದವು. ಮಿಡತೆ ಇಷ್ಟು ಹೆಚ್ಚಿರುವಾಗ ಇನ್ನೊಂದು ಗೋಸುಂಬೆ ಸಾಕುವುದು ಒಳ್ಳೆಯದೇನೋ ಎಂದು ಅವರು ನನ್ನನ್ನೇ ಸಲಹೆ ಕೇಳಿದರು. ಒಂದೇ ಸಾಕು ಎಂದೆ.

ಆಮೇಲೆ ಅವರಿಗೆ ವರ್ಗವಾಯಿತು. ಹೊಸಬರಿಗೆ ಒಪ್ಪಿಸಬೇಕಾದ ಸಾಮಾನಿನ ಪಟ್ಟಿಯನ್ನು ಹೆಡ್ ಕ್ಲಾರ್ಕು ದುಂಡಗೆ ಬರೆದಿದ್ದರು: ಕುರ್ಚಿ ಆರು, ಮೇಜು ಎರಡು, ಕಂದೀಲು ಒಂದು, ಗೋಸುಂಬೆ ಒಂದು, ಜೀವಂತ. ಖುದ್ದು ನೋಡಿ ದೃಢೀಕರಿಸುವ ಕೆಲಸ ನನ್ನದು. ವರಾಂಡಕ್ಕೆ ಹೋದೆ. ಕಪಾಟಿನೊಳಗೆ ಚೆನ್ನಾಗಿ ಬಗ್ಗಿ ನೋಡಿದೆ. ಎಲ್ಲ ಸರಿಯಾಗಿದೆ ಎಂದು ಬರೆದು ಸಹಿ ಹಾಕಿದೆ.