ಮೂರನೆಯ ಹಾಡಿನಲ್ಲಿ ಪದ್ಮಾಕಾಕು

ಹರೆಯದಲ್ಲಿ ಮೆಚ್ಚಿದ ಯಾವುದನ್ನೂ ಐವತ್ತು ದಾಟಿದ ಮೇಲೆ ಎರಡನೆಯ ಸಲ ಪರೀಕ್ಷೆಗೆ ಕೂರಿಸಬಾರದು ಎಂಬುದು ನನ್ನ ಖಚಿತ ಅಭಿಪ್ರಾಯ. ಆಗ ಬೆರಳು ನೆಕ್ಕಿ ಉಂಡ ಖಾನಾವಳಿಗೆ ಈಗ ಹೋದರೆ ಎಣ್ಣೆ ಹೆಚ್ಚಾಯಿತು ಎನ್ನಿಸುತ್ತದೆ. ಆಗ ಹತ್ತಿ ಹಾರಲು ಹೆದರಿದ್ದ ಸಾಲೆಯ ಕಂಪೌಂಡು ಈಗ ಸೊಂಟಕ್ಕೆ ಬರುತ್ತದೆ. ಇದೆಲ್ಲ ಗೊತ್ತಿದ್ದೂ ನಾನು ನನ್ನ ಹರೆಯದ ಹಾರ್ಡ್ ರಾಕ್ ಆಲ್ಬಮ್ಮೊಂದನ್ನು ಮತ್ತೆ ಕೇಳಿ ತೂಗಿ ನೋಡುತ್ತೇನೆಂದು ನಾಲ್ಕು ಜನರ ಮುಂದೆ ಒಪ್ಪಿಕೊಂಡುಬಿಟ್ಟೆ. ಅಂದಿನಿಂದ ಹತ್ತಿದ ಸಿಟ್ಟು ಇನ್ನೂ ಇಳಿದಿಲ್ಲ. ಯಾರ ಮೇಲೆ ಸಿಟ್ಟು ಎಂದು ಕೇಳಬೇಡಿ. ಓದುತ್ತ ಹೋದರೆ ಬಹಳ ಜನ ಸಿಗುತ್ತಾರೆ.

ಬೆಳಗಾವಿಯ ಅನಗೋಳದಲ್ಲಿ ನಮ್ಮ ಓಣಿಯ ಸುತ್ತಮುತ್ತ ನನ್ನ ವಯಸ್ಸಿನ ಕೆಲವು ರಾಕ್ ಪ್ರೇಮಿಗಳಿದ್ದೇವೆ. ಒಂದು ಕಾಲಕ್ಕೆ ಭುಜದವರೆಗೆ ಕೂದಲು ಬಿಟ್ಟವರು, ಈಗ ಕಿವಿಯ ಮೇಲೆ ಉಳಿದಷ್ಟನ್ನು ಜೋಪಾನ ಮಾಡುತ್ತಿರುವವರು. ತಿಂಗಳಿಗೊಂದು ಭಾನುವಾರ ಯಾರದಾದರೂ ಮಹಡಿಯ ಮೇಲೆ ಸೇರುತ್ತೇವೆ. ಒಬ್ಬರು ತಮ್ಮ ಹರೆಯದ ಆಲ್ಬಮ್ಮನ್ನು ಪೂರ್ತಿ ಕೇಳಿಸಿ, ಅದು ಈಗಲೂ ನಿಲ್ಲುತ್ತದೋ ಇಲ್ಲವೋ ಹೇಳಬೇಕು. ಉಳಿದವರು ಅವಲಕ್ಕಿ ತಿನ್ನುತ್ತ ಜಗಳ ತೆಗೆಯುತ್ತಾರೆ. ಈ ಸಲದ ಪಾಳಿ ನನ್ನದು. ಇಷ್ಟು ದಿನ ಎಲ್ಲರ ಆಲ್ಬಮ್ಮುಗಳನ್ನೂ ನನ್ನದರ ಪಕ್ಕಕ್ಕಿಟ್ಟು ಅಳೆದು, ‘ಇದರಾಗ ಆ ಜೀವ ಇಲ್ಲ ಬಿಡ್ರಿ’ ಎಂದು ತಳ್ಳಿಹಾಕುತ್ತ ಬಂದವನು ನಾನು. ಅವರೆಲ್ಲ ಈ ಭಾನುವಾರಕ್ಕಾಗಿ ಕತ್ತಿ ಮಸೆಯುತ್ತ ಕೂತಿದ್ದರು. ನನ್ನ ಪಾಲಿಗೆ ಅದು ಮಾನದ ಪ್ರಶ್ನೆಯಾಗಿತ್ತು.

ಬ್ಯಾಂಡಿನ ಹೆಸರು ಹೇಳುವುದಿಲ್ಲ. ಹೇಳಿದರೆ ಅದರ ಭಕ್ತರು ಮನೆಗೇ ಬರುತ್ತಾರೆ. ನಾನು ಹುಟ್ಟಿ ಬೆಳೆದ ಖಾನಾಪುರದಲ್ಲಿ ನಾವಿಬ್ಬರು ಅದನ್ನು ಚಕ್ರದ ಕ್ಯಾಸೆಟ್ ಎನ್ನುತ್ತಿದ್ದೆವು. ಇಬ್ಬರು ಎಂದರೆ ನಾನು ಮತ್ತು ಜಿನ್ನಪ್ಪ. ಅವನದು ಪೇಟೆಯಲ್ಲಿ ಕಾಳುಕಡಿ ವ್ಯಾಪಾರದ ಜೈನ ಮನೆತನ, ನಮ್ಮದು ಬಾಜೂ ಮನೆ. ನಾವು ಕಾಲೇಜು ಸೇರಿದ ವರ್ಷ ಅವನ ಸಂಬಂಧಿಯೊಬ್ಬ ಗೋವಾದಿಂದ ಕಣಕುಂಬಿಯ ಮೇಲೆ ಹಾದು ಬರುವ ಬಸ್ಸಿನಲ್ಲಿ ಬಂದಿಳಿದ. ಅವನ ಚೀಲದಲ್ಲಿ ಆ ಆಲ್ಬಮ್ಮಿನ ಅಸಲಿ ಕ್ಯಾಸೆಟ್ ಇತ್ತು. ಮರುದಿನ ಮುಂಜಾನೆ ಹೊರಡುವವನು, ಅಷ್ಟರೊಳಗೆ ನಕಲು ಆಗಬೇಕು. ಖಾಲಿ ಕ್ಯಾಸೆಟ್ ಸಿಗಲಿಲ್ಲವಾಗಿ ಜಿನ್ನಪ್ಪನ ಅಪ್ಪ ಕೂಡಿಟ್ಟಿದ್ದ ಮುನಿಗಳ ಪ್ರವಚನಗಳಲ್ಲಿ ಒಂದನ್ನು ಎತ್ತಿಕೊಂಡೆವು. ಟೇಪ್ ರೆಕಾರ್ಡರ್ ಎರಡಿದ್ದವು, ನಡುವೆ ಜೋಡಿಸುವ ವಾಯರ್ ಇರಲಿಲ್ಲ. ಎರಡನ್ನೂ ಹಾಸಿಗೆಯ ಮೇಲೆ ಮುಖಕ್ಕೆ ಮುಖ ಕೊಟ್ಟು ಕೂರಿಸಿ, ಮೇಲೆ ದಪ್ಪ ಕೌದಿ ಹೊಚ್ಚಿ, ಒಂದರಲ್ಲಿ ಹಾಡು ಹಚ್ಚಿ ಇನ್ನೊಂದರ ಕೆಂಪು ಗುಂಡಿ ಒತ್ತಿದೆವು. ಆ ಕಾಲಕ್ಕೆ ನಮ್ಮ ಕಡೆ ಸಂಗೀತ ಒಂದು ಮನೆಯಿಂದ ಇನ್ನೊಂದು ಮನೆಗೆ ಹೋಗುತ್ತಿದ್ದದ್ದೇ ಹೀಗೆ. ಮನೆಮಂದಿಗೆಲ್ಲ ದಯಮಾಡಿ ಸುಮ್ಮನಿರಿ ಎಂದು ಮೊದಲೇ ಕೈಮುಗಿದು ಹೇಳಿದ್ದೆವು.

ಎರಡು ಹಾಡು ಸುಸೂತ್ರವಾಗಿ ಮುಗಿದವು. ಮೂರನೆಯ ಹಾಡಿನ ನಡುವೆ ಉಳಿದವರೆಲ್ಲ ತಣ್ಣಗಾಗಿ ಗಿಟಾರಿನವನೊಬ್ಬನೇ ಬಾರಿಸುತ್ತ ಹೊರಡುತ್ತಾನೆ. ಅವನು ಹೊರಟ ಹೊತ್ತಿಗೆ ಸರಿಯಾಗಿ ಅಡಿಗೆಮನೆಯಿಂದ ಜಿನ್ನಪ್ಪನ ಅವ್ವ ಪದ್ಮಾಕಾಕು ಕೂಗಿದರು.

“ಏ ಜಿನ್ನ್ಯಾ, ಹೊತ್ತ ಮುಳಗಾಕತ್ತೈತಿ, ಉಣ್ಣಾಕ ಬಾ. ಆ ಬಸ್ಯಾನ್ನೂ ಕರಕೊಂಡ ಬಾ.”

ಬಸ್ಯಾ ಎಂದರೆ ನಾನು, ಬಸವರಾಜ. ನಾವು ಉಸಿರು ಬಿಗಿಹಿಡಿದು ಕೂತೆವು. ಕಾಕು ಎರಡನೆಯ ಸಲ ಕೂಗಿದರು, ಮೂರನೆಯ ಸಲ ಕೂಗಿದರು, ಸಲದಿಂದ ಸಲಕ್ಕೆ ಸ್ವರ ಏರುತ್ತಲೇ ಹೋಯಿತು. ಅವರ ಮನೆಯಲ್ಲಿ ಹೊತ್ತು ಮುಳುಗಿದ ಮೇಲೆ ಒಂದು ಅಗುಳೂ ಬಾಯಿಗೆ ಹೋಗುವಂತಿಲ್ಲ. ಗಿಟಾರಿನವನು ಎಷ್ಟೇ ದೊಡ್ಡವನಿದ್ದರೂ ಸೂರ್ಯ ಅವನಿಗಾಗಿ ಕಾಯುವುದಿಲ್ಲ. ಕೊನೆಗೆ ಜಿನ್ನಪ್ಪ ಕೌದಿಯ ಪಕ್ಕದಲ್ಲೇ “ಬಂದ್ನಿ ಬೇ” ಎಂದ. ಅದೂ ಮುದ್ರಣವಾಯಿತು. ಹಾಡು ಮುಗಿದ ಕೂಡಲೇ ಯಂತ್ರ ನಿಲ್ಲಿಸಿ ಉಂಡುಬಂದು, ಉಳಿದ ಹಾಡುಗಳನ್ನು ಮುಗಿಸಿದೆವು. ಮೂರನೆಯದನ್ನು ಮತ್ತೊಮ್ಮೆ ಮಾಡೋಣ ಎನ್ನುವಷ್ಟರಲ್ಲಿ ಕರೆಂಟು ಹೋಯಿತು.

ಅಸಲಿಯ ಹೊದಿಕೆಯ ಮೇಲೆ ಹೊತ್ತಿ ಉರಿಯುವ ಗಾಲಿಯ ಚಿತ್ರವಿತ್ತು. ಜಿನ್ನಪ್ಪ ಅದನ್ನು ಸ್ಕೆಚ್ ಪೆನ್ನಿನಲ್ಲಿ ತೆಗೆದಾಗ ಧರ್ಮಚಕ್ರದಂತೆ ಬಂತು. ಅವನ ಅಪ್ಪ ನೋಡಿ ಸಂತೋಷಪಟ್ಟು ಪ್ರವಚನಗಳ ಸಾಲಿನಲ್ಲೇ ಇಟ್ಟುಕೊಂಡರು. ಆಲ್ಬಮ್ ಪ್ರವಚನಕ್ಕಿಂತ ಚಿಕ್ಕದಾದ್ದರಿಂದ ಕೊನೆಯ ಹಾಡು ಮುಗಿದ ಕೂಡಲೇ ಮುನಿಗಳು ಅಹಿಂಸೆಯ ಬಗ್ಗೆ ಮಾತು ಮುಂದುವರಿಸುತ್ತಿದ್ದರು. ಇಂಥ ಮುಕ್ತಾಯ ಜಗತ್ತಿನ ಬೇರೆ ಯಾವ ಹಾರ್ಡ್ ರಾಕ್ ಆಲ್ಬಮ್ಮಿಗಿದೆ ಹೇಳಿ. ಆದರೆ ನನ್ನ ಪ್ರಾಣವಿದ್ದದ್ದು ಮೂರನೆಯ ಹಾಡಿನಲ್ಲಿ. ಕಾಕು ಕೂಗಿದಾಗಲೆಲ್ಲ ನನ್ನ ಮೈ ಜುಮ್ಮೆನ್ನುತ್ತಿತ್ತು. ಬಾಜೂ ಮನೆಯ ಹುಡುಗನನ್ನು ಮಗನ ಜೊತೆ ಸೇರಿಸಿ ಒಂದೇ ಉಸಿರಿನಲ್ಲಿ ಊಟಕ್ಕೆ ಕರೆಯುವ ಆ ಅಂತಃಕರಣ ದೊಡ್ಡದು. ಮೇಲಾಗಿ ನನ್ನ ಹೆಸರಿರುವ ಆಲ್ಬಮ್ ಲೋಕದಲ್ಲಿ ಅದೊಂದೇ.

ನೌಕರಿಗೆಂದು ಬೆಳಗಾವಿಗೆ ಬಂದೆ, ಕ್ಯಾಸೆಟ್ ಜಿನ್ನಪ್ಪನ ಹತ್ತಿರವೇ ಉಳಿಯಿತು. ಆಮೇಲೆ ಕ್ಯಾಸೆಟ್ ಹಾಕುವ ಯಂತ್ರಗಳೇ ಮಾಯವಾದವು. ಹಾಗಾಗಿ ಭಾನುವಾರ ಹತ್ತಿರ ಬಂದಾಗ ಮಗಳು ಸಹನಾ ಆಲ್ಬಮ್ಮನ್ನು ತನ್ನ ಫೋನಿನಲ್ಲಿ ಹುಡುಕಿ ದೊಡ್ಡ ಸ್ಪೀಕರಿಗೆ ಹಚ್ಚಿದಳು. ಹೊಸದಾಗಿ ತಿದ್ದಿ ತೀಡಿ ಬಿಟ್ಟಿದ್ದಾರಂತೆ. ಕೇಳುತ್ತ ಕೇಳುತ್ತ ನನ್ನ ಪಿತ್ತ ನೆತ್ತಿಗೇರಿತು. ಡ್ರಮ್ಮು ಇಲ್ಲಿ, ಗಿಟಾರು ಅಲ್ಲಿ, ಎಲ್ಲವೂ ನೆಂಟರ ಮನೆಗೆ ಬಂದವರ ಹಾಗೆ ದೂರ ದೂರ ಕೂತಿವೆ. ಕೌದಿಯೊಳಗಿನ ಆ ಗುಂಯ್‌ಗುಡುವ ಒತ್ತಡ ಎಲ್ಲಿದೆ? ಸಾಲದ್ದಕ್ಕೆ ಫೋನಿನ ಪರದೆಯ ಮೇಲೆ ಹಾಡಿನ ಸಾಲುಗಳೂ ಬರುತ್ತಿದ್ದವು. ಆ ಗಾಯಕ ಹುಟ್ಟು ಸಾವುಗಳ ಬಗ್ಗೆ ಒದರಾಡುತ್ತಿದ್ದಾನೆ ಎಂದು ನಾನು ಇಷ್ಟು ವರ್ಷ ನಂಬಿದ್ದೆ. ಅವನು ಹೇಳುತ್ತಿದ್ದದ್ದು ತನ್ನ ಕಾರಿನ ಬಗ್ಗೆ. ಎರಡನೆಯ ಹಾಡಿನಲ್ಲಿ ಒಬ್ಬ ಹುಡುಗಿ ಬರುತ್ತಾಳೆ, ಅವಳನ್ನೂ ಕಾರಿನಲ್ಲಿ ಕೂರಿಸುತ್ತಾನೆ.

ಇದನ್ನೆಲ್ಲ ನುಂಗಿಕೊಂಡು ಮೂರನೆಯ ಹಾಡಿಗೆ ಕಾದೆ. ಗಿಟಾರಿನವನು ಹೊರಟ. ಹೊರಟ, ಹೋದ, ಹೋಗುತ್ತಲೇ ಇದ್ದ. ಕಾಕು ಇಲ್ಲ. ಕಾಕು ಇರಬೇಕಾದ ಜಾಗದ ತುಂಬ ಅವನು ಕಿಂಯ್ ಕಿಂಯ್ ಎಂದು ಒಂದೇ ತಂತಿ ಎಳೆಯುತ್ತ ನಿಂತಿದ್ದ.

“ಇಷ್ಟ ಉದ್ದ ಯಾಕ ಹಿಗ್ಗಸ್ಯಾರ ಇದನ್ನ?” ಎಂದು ನಾನು ರೇಗಿದೆ.

“ಪಪ್ಪಾ, ಅದು ಮೊದಲಿಂದಾನೂ ಅಷ್ಟ ಉದ್ದ ಐತಿ,” ಎಂದಳು ಮಗಳು. “ಇದು ಭಾಳ ಫೇಮಸ್ ಸೋಲೊ ಅಂತ ಬರದಾರ.”

ಯಾರು ಬರೆದರೋ ಗೊತ್ತಿಲ್ಲ. ಕಾಕುವಿನ ಧ್ವನಿ ಕೇಳದವರ ಅಭಿಪ್ರಾಯಕ್ಕೆ ನಾನು ಬೆಲೆ ಕೊಡುವುದಿಲ್ಲ. ಈ ಬೋಳಿಸಿದ ಆಲ್ಬಮ್ಮನ್ನು ಹಿಡಿದುಕೊಂಡು ಮಹಡಿ ಹತ್ತಿದರೆ ಇಷ್ಟು ವರ್ಷದ ನನ್ನ ಮಾತೆಲ್ಲ ಮಣ್ಣುಪಾಲು. ಅಸಲಿ ಕ್ಯಾಸೆಟ್ಟನ್ನೇ ತಂದು ಕೇಳಿಸುತ್ತೇನೆ ಎಂದು ನಿರ್ಧರಿಸಿ, ಶನಿವಾರ ಮಧ್ಯಾಹ್ನ ಖಾನಾಪುರದ ಬಸ್ಸು ಹತ್ತಿದೆ. ಅಸಲಿ ಎಂದರೆ ನಮ್ಮದು. ಬ್ಯಾಂಡಿನವರದ್ದನ್ನು ಅಸಲಿ ಎನ್ನುವುದನ್ನು ನಾನು ಆಗಲೇ ಬಿಟ್ಟಿದ್ದೆ.

ಜಿನ್ನಪ್ಪ ಅಂಗಡಿಯಿಂದೆದ್ದು ಮನೆಗೆ ಕರೆದುಕೊಂಡು ಹೋದ. ವಿಷಯ ಕೇಳಿ ಅವನ ಮುಖ ಅರಳಿತು. ಟಿವಿಯ ಮುಂದಿನ ಡಬ್ಬಿಯಿಂದ ಉಗುರಿನಷ್ಟೇ ಇದ್ದ ಪೆನ್ ಡ್ರೈವ್ ತೆಗೆದು ಅಂಗೈಯಲ್ಲಿಟ್ಟ.

“ಕ್ಯಾಸೆಟ್ಟಿಗೆ ಬೂಸ ಹಿಡದಿತ್ತು ದೋಸ್ತ. ಬೆಳಗಾವ್ಯಾಗ ಒಂದ ದುಕಾನದಾಗ ಕೊಟ್ಟು ಇದರಾಗ ಹಾಕಿಸೇನಿ. ಏನ ಸ್ವಚ್ಛ ಮಾಡಿ ಕೊಟ್ಟಾನಂತಿ, ಒಂದ ಸ್ವಲ್ಪರೆ ಗದ್ಲ ಇಲ್ಲ.”

ಗದ್ದಲವಿಲ್ಲ ಎಂದರೆ ಕಾಕುವೂ ಇಲ್ಲವೇ? “ಮೂರನೇ ಹಾಡ ಹಚ್ಚು” ಎಂದೆ. ಹಚ್ಚಿದ. ಅದೇ ಕಾರು, ಅದೇ ಕಿಂಯ್ ಕಿಂಯ್. ಅಂಗಡಿಯವನು ನಮ್ಮ ಕ್ಯಾಸೆಟ್ಟನ್ನು ಸ್ವಚ್ಛ ಮಾಡಿರಲೇ ಇಲ್ಲ. ಒಮ್ಮೆ ಕೇಳಿ ಹಣೆ ಬಡಿದುಕೊಂಡು, ಅದೇ ಆಲ್ಬಮ್ಮನ್ನು ಎಲ್ಲಿಂದಲೋ ಇಳಿಸಿ ತುಂಬಿ ಕೊಟ್ಟುಬಿಟ್ಟಿದ್ದ. ಹಳೆಯ ಸೀರೆಗೆ ತೇಪೆ ಹಾಕಿಕೊಡು ಎಂದರೆ ಹೊಸ ಸೀರೆ ಕೊಟ್ಟು ಕಳಿಸಿದಂತೆ. ಹಳೆಯದರ ಸೆರಗಿನಲ್ಲಿ ಗಂಟು ಹಾಕಿ ಇಟ್ಟದ್ದು ಏನಾಯಿತು?

“ಕ್ಯಾಸೆಟ್ ಎಲ್ಲೈತಿ?”

“ಅದನ್ಯಾಕ ಹೊತ್ತ ತರ್ಲಿ? ಒಗದಬಿಡು ಅಂದ್ನಿ.”

“ನಿಮ್ಮ ಅವ್ವನ ಧ್ವನಿ ಇತ್ತಲ್ಲೋ ಅದರಾಗ.”

“ಅವ್ವ ಮನ್ಯಾಗ ಅದಾಳಲ್ಲೋ ಮಾರಾಯ. ದಿನಾ ಒದರತಾಳ, ಬೇಕಂದ್ರ ಇಲ್ಲೇ ಕುಂತ ಕೇಳು.”

ಇಂಥವನ ಜೊತೆ ಏನು ಮಾತಾಡುವುದು. ಆದರೂ ಮಾತಾಡಿದೆ, ಬಹಳ ಮಾತಾಡಿದೆ. ಕಾಳುಕಡಿ ಕೇರಿ ಕೇರಿ ಇವನಿಗೆ ಲೋಕದಲ್ಲಿ ಕಾಳಲ್ಲದ್ದೆಲ್ಲ ಕಸವಾಗಿಯೇ ಕಾಣುತ್ತದೆ ಎಂದೆ. ಅವನು, ನಿನಗೆ ಮೊದಲಿನಿಂದಲೂ ಹಾಡಿಗಿಂತ ನಿನ್ನ ಹೆಸರಿನದೇ ಹುಚ್ಚು ಎಂದ. ಮಾತು ಖರೇ ಇತ್ತು, ಅದಕ್ಕೇ ನಾನು ದನಿ ಏರಿಸಿದೆ. ಗದ್ದಲ ಕೇಳಿ ಪದ್ಮಾಕಾಕು ಗೋಡೆ ಹಿಡಿದುಕೊಂಡು ಒಳಗಿನಿಂದ ಬಂದರು. ಎಂಬತ್ತು ದಾಟಿದರೂ ಅವರ ಕಿವಿ ಇನ್ನೂ ಚುರುಕು.

“ಯಾರು, ಬಸ್ಯಾನ? ಕುಂದರು. ಯಾಕ ಜಗಳಾ ಮಾಡಾಕತ್ತೀರಿ?”

ನಾನು ಎಲ್ಲ ಹೇಳಿದೆ. ಜೇಬಿನಿಂದ ಫೋನು ತೆಗೆದು, ಕಾಕು, ಈ ಹಾಡು ನಡೆದಾಗ ಅಂದು ಕರೆದಂತೆ ಇನ್ನೊಮ್ಮೆ ಕರೆಯಿರಿ, ರೆಕಾರ್ಡ್ ಮಾಡಿಕೊಂಡು ಹೋಗುತ್ತೇನೆ, ನಾಳೆ ನನ್ನ ಮರ್ಯಾದೆ ನಿಮ್ಮ ಕೈಯಲ್ಲಿದೆ ಎಂದು ಬೇಡಿಕೊಂಡೆ. ಅವರು ಮೊದಲು ಹಾಡು ಕೇಳಿಸು ಎಂದರು. ಜಿನ್ನಪ್ಪ ಮೊದಲಿನಿಂದ ಹಚ್ಚಿದ. ಕಾಕು ಮೊಣಕಾಲ ಮೇಲೆ ಕೈಯಿಟ್ಟುಕೊಂಡು ಕಣ್ಣು ಮುಚ್ಚಿ ಕೇಳಿದರು.

“ಬಾರಸಾಂವ ಶಾಣ್ಯಾ ಅದಾನ,” ಎಂದರು. “ಹಾಡಾಂವಗ ಏನೋ ತ್ರಾಸ ಐತಿ ನೋಡು, ಪಾಪ.”

ಗಿಟಾರಿನವನು ಹೊರಟ. ನಾನು ಫೋನು ಹಿಡಿದು ಸನ್ನೆ ಮಾಡಿದೆ. ಕಾಕು ಕಿಟಕಿಯ ಕಡೆ ನೋಡಿದರು. ಹೊರಗೆ ಅಂಗಳದಲ್ಲಿ ಇನ್ನೂ ಚೊಕ್ಕ ಬಿಸಿಲಿತ್ತು.

“ಹೊತ್ತ ಮುಳಗಾಕತ್ತೈತಿ ಅಂತ ಹೆಂಗ ಹೇಳ್ಲಿ? ಒಮ್ಮಿ ಸುಳ್ಳ ಹೇಳಿದ್ದ ಸಾಕಪಾ, ಈ ವಯಸ್ಸಿನ್ಯಾಗ ಮತ್ತ ಬ್ಯಾಡ.”

“ಒಮ್ಮಿ ಅಂದ್ರ?”

“ಅವತ್ತರೆ ಹೊತ್ತ ಎಲ್ಲಿ ಮುಳಗಿತ್ತು? ಇಷ್ಟ ಬಿಸಲ ಇತ್ತು. ಕೌದಿ ಹೊಚ್ಚಿದ್ರೂ ಆ ಗದ್ಲಕ್ಕ ನನ್ನ ತಲಿ ಸಿಡ್ಯಾಕತ್ತಿತ್ತು. ಬೈದ್ರ ನೀವು ಕೇಳಾವರಲ್ಲ. ಊಟ ಅಂದ್ರ ಎದ್ದ ಬರ್ತಾವು ಅಂತ ಕರದ್ನಿ. ಬ್ಯಾಳಿ ಸುದ್ದಾ ಬೆಂದಿರಲಿಲ್ಲ, ಹಂಗ ಹಾಕಿದ್ನಿ. ನೀವು ಭಾಡ್ಯಾಗೋಳು ಉಂಡ ಹೋಗಿ ಮತ್ತ ಹಚ್ಚಿದ್ರಿ.”

ಜಿನ್ನಪ್ಪ ನಗಲು ಸುರು ಮಾಡಿದ. ನಾನು ಕೊನೆಯ ಹುಲ್ಲುಕಡ್ಡಿ ಹಿಡಿದುಕೊಂಡೆ.

“ಅದಿರ್ಲಿ ಕಾಕು. ಮಗನ್ನ ಕರದ್ರಿ, ಸರಿ. ಬಸ್ಯಾನ್ನೂ ಕರಕೊಂಡ ಬಾ ಅಂತ ನನ್ನ ಹೆಸರ ಯಾಕ ತಗೊಂಡ್ರಿ?”

“ನಿನ್ನೊಬ್ಬನ್ನ ಅಲ್ಲೇ ಬಿಟ್ರ ಮತ್ತ ನೀನ ಹಚ್ಚಕೊಂಡ ಕುಂದರತಿದ್ದೆಲ್ಲ. ಅದಕ್ಕ.”

ಇಷ್ಟು ಹೇಳಿ ಅವರು ನನ್ನ ಬೆನ್ನು ಸವರಿದರು. ಆ ಆಲ್ಬಮ್ಮಿನ ಮರುಪರೀಕ್ಷೆಗೆ ನಾನು ಇಷ್ಟು ಒದ್ದಾಡಬೇಕಾಗಿಯೇ ಇರಲಿಲ್ಲ. ಅದರ ವಿಮರ್ಶೆ ಅದನ್ನು ನಕಲು ಮಾಡಿದ ದಿನವೇ ಆಗಿಹೋಗಿತ್ತು, ಆಲ್ಬಮ್ಮಿನ ಒಳಗೇ, ಮೂರು ಸಲ, ಏರುದನಿಯಲ್ಲಿ. ನಾನು ಅದನ್ನೇ ಅದರ ಅತ್ಯುತ್ತಮ ಭಾಗವೆಂದು ಮೈ ಜುಮ್ಮೆನ್ನಿಸಿಕೊಳ್ಳುತ್ತ ಬಂದಿದ್ದೆ. ಕಾಕು ಅನ್ನಕ್ಕಿಡಲು ಒಳಗೆ ಹೋದರು. ಗಿಟಾರಿನವನು ಇನ್ನೂ ತಂತಿ ಎಳೆಯುತ್ತಲೇ ಇದ್ದ. ನಾನೇ ಎದ್ದು ಹೋಗಿ ನಿಲ್ಲಿಸಿದೆ. ಅದು ನಿಂತದ್ದಕ್ಕೆ ಆ ಮನೆಯಲ್ಲಿ ಯಾರಿಗೂ ಬೇಸರವಾಗಲಿಲ್ಲ. ನನಗೂ ಆಗಲಿಲ್ಲ ಎಂಬುದೇ ನನ್ನ ಸಿಟ್ಟು.