ಗಿರಿಜೆಗೆಂದು ಕಟ್ಟಿದ ತಂಪು ಗಾಡಿ

ಕೆಲವರ ಕೈ ಸುಮ್ಮನಿರುವುದಿಲ್ಲ. ಆ ಪೈಕಿ ಕೆಲವರ ಕೈಗೆ ಕೆಲಸವೂ ಬರುತ್ತದೆ, ಉಳಿದವರಿಗೆ ಬರುವುದಿಲ್ಲ. ನಾನು ಉಳಿದವರಲ್ಲಿ ಒಬ್ಬ ಎಂದು ಮೊದಲೇ ಒಪ್ಪಿಕೊಂಡುಬಿಡುತ್ತೇನೆ. ಮೂವತ್ತು ವರ್ಷ ಹೈಸ್ಕೂಲಿನಲ್ಲಿ ಡ್ರಾಯಿಂಗ್ ಮೇಷ್ಟ್ರಾಗಿದ್ದವನು ನಾನು. ಕಾಗದದ ಮೇಲೆ ಎಂಥ ಅರಮನೆಯನ್ನಾದರೂ ನಿಲ್ಲಿಸಬಲ್ಲೆ. ಗೋಡೆಗೆ ಒಂದು ಮೊಳೆ ಹೊಡೆಯಲು ಹೋದರೆ ಮಾತ್ರ ಅಂಗೈ ಅಗಲದ ಗಾರೆ ಉದುರುತ್ತದೆ. ನಾನು ರಿಪೇರಿ ಮಾಡಿದ ಫ್ಯಾನು ಗಾಳಿಯನ್ನು ಮೇಲಕ್ಕೆ ಕಳಿಸುತ್ತಿತ್ತು. ಸೂರಿನ ಜೇಡರ ಹುಳುಗಳು ಆ ಬೇಸಿಗೆಯನ್ನು ಸುಖವಾಗಿ ಕಳೆದವು. ಇಂಥ ಮನುಷ್ಯ ನಿವೃತ್ತನಾಗಿ ಮನೆಯಲ್ಲಿ ಕೂತರೆ ಮನೆಯವರು ಹೆದರಬೇಕು. ನನ್ನ ಹೆಂಡತಿ ಗಿರಿಜ ಹೆದರಲಿಲ್ಲ. ಅವಳಿಗೆ ಆಗ ಹೆದರುವುದಕ್ಕೆ ಬೇರೆ ಸಂಗತಿಯಿತ್ತು.

ಗಿರಿಜೆಗೆ ನರದ ಕಾಯಿಲೆ. ಮಳೆಗಾಲ, ಚಳಿಗಾಲದಲ್ಲಿ ಕೋಲೂರಿಕೊಂಡು ಅಂಗಡಿಬೀದಿಗೆ ಹೋಗಿ ಬರುವವಳು, ಬಿಸಿಲು ಏರಿತೆಂದರೆ ನೆನೆದ ಬಟ್ಟೆಯ ಹಾಗೆ ಕುಸಿಯುತ್ತಾಳೆ. ಕಾಲು ಎತ್ತಿಡಲು ಆಗುವುದಿಲ್ಲ, ಕಣ್ಣು ಮಂಜಾಗುತ್ತದೆ. "ಮೈ ಬಿಸಿಯಾಗದಂತೆ ನೋಡಿಕೊಳ್ಳಿ, ಅಷ್ಟೇ" ಎಂದರು ಡಾಕ್ಟರು. ಚನ್ನಗಿರಿಯ ಬೇಸಿಗೆಯಲ್ಲಿ ಕೂತು ಕೇಳುವವನಿಗೆ ಆ 'ಅಷ್ಟೇ' ಬಹಳ ದೊಡ್ಡ ಮಾತು. ಮಲಗುವ ಕೋಣೆಗೆ ಏಸಿ ಹಾಕಿಸಿದೆವು. ಸತತ ಮೂರು ಬೇಸಿಗೆ ಅವಳು ಹಗಲಿನಲ್ಲಿ ಆ ಹತ್ತಡಿ ಕೋಣೆಯಿಂದ ಆಚೆ ಬರಲಿಲ್ಲ. ಮದುವೆ, ಸೀಮಂತ, ಗೃಹಪ್ರವೇಶ ಎಲ್ಲವನ್ನೂ ಫೋನಿನಲ್ಲೇ ನೋಡಿದಳು. ಜಗಳೂರಿನ ಹತ್ತಿರದ ಹಳ್ಳಿಯಲ್ಲಿ ಅವಳ ಅಪ್ಪ ತೀರಿಕೊಂಡದ್ದೂ ಅಂಥದೊಂದು ಬೇಸಿಗೆಯಲ್ಲಿ. ಅಲ್ಲಿ ಏಸಿ ಇಲ್ಲವೆಂದು ಸಂಜೆಯ ತಂಪಿಗೆ ಕಾದು ನಾವು ಹೊರಟು ತಲುಪುವ ಹೊತ್ತಿಗೆ ಮಣ್ಣಾಗಿತ್ತು. ಬಿಸಿಲಿಗೆ ಬಹಳ ಹೊತ್ತು ಇಡಲಾಗಲಿಲ್ಲ ಎಂದರು. ಗಿರಿಜ ಅಳಲಿಲ್ಲ. ವಾಪಸು ಬರುವಾಗ ಕಾರಿನಲ್ಲಿ, "ಇನ್ನು ಮೇಲೆ ಬ್ಯಾಸಿಗಿಗೆ ನಾನು ಇದ್ದೂ ಇಲ್ಲದಂಗೆ ಅಂತ ತಿಳ್ಕಳ್ರಿ" ಎಂದಳು.

ಆ ಮಾತು ನನ್ನನ್ನು ಕೆಡಿಸಿತು. ಹೋದಲ್ಲೆಲ್ಲ ಒಂದು ತಂಪು ಕೋಣೆಯನ್ನೇ ಕಾರಿನ ಹಿಂದೆ ಕಟ್ಟಿಕೊಂಡು ಹೋದರೆ ಹೇಗೆ ಎಂದು ಯೋಚಿಸಿದೆ. ದಾರಿಯಲ್ಲಿ ಅವಳು ಕಾರಿನ ಏಸಿಯಲ್ಲಿ ಕೂತಿರುತ್ತಾಳೆ. ತಲುಪಿದ ಕೂಡಲೇ ಕೋಣೆಯನ್ನು ನೆಂಟರ ಅಂಗಳದಲ್ಲಿ ನಿಲ್ಲಿಸಿ ಕರೆಂಟು ಕೊಟ್ಟುಬಿಡುವುದು. ಹಾಳೆ ತೆಗೆದು ಚಿತ್ರ ಬರೆದೆ. ಚಿತ್ರ ಎಂದಿನಂತೆ ಬಹಳ ಚೆನ್ನಾಗಿ ಬಂತು. ಕಿಟಕಿಗೆ ಪರದೆ, ಪರದೆಗೆ ಹೂವು ಕೂಡ ಹಾಕಿದ್ದೆ.

ಹೊನ್ನಾಳಿಯ ಗುಜರಿಯಲ್ಲಿ ಪವರ್ ಟಿಲ್ಲರಿನ ಹಳೆಯ ಟ್ರೈಲರು ಸಿಕ್ಕಿತು. ನ್ಯಾಮತಿಯಲ್ಲಿ ಬಾಗಿಲು ಹಾಕಿದ ಬಟ್ಟೆ ಅಂಗಡಿಯೊಂದರ ಕಿಟಕಿ ಏಸಿ ಸಿಕ್ಕಿತು. ಎರಡನ್ನೂ ನಮ್ಮೂರಿನ ವೆಲ್ಡಿಂಗ್ ಅಂಗಡಿಯ ರಫೀಕ್ ಭಾಯಿಯ ಮುಂದೆ ಇಳಿಸಿದೆ. ಅವನು ನನ್ನ ಚಿತ್ರವನ್ನು ತಿರುಗಿಸಿ ಮುರುಗಿಸಿ ನೋಡಿದ.

"ಮೇಷ್ಟ್ರೇ, ಚಿತ್ರ ಭಾಳ ಚಲೋ ಐತೆ. ಆದ್ರೆ ಇದು ಏನು ಮಾಡಾಕೆ?"

"ನಮ್ಮ ಮನೆಯವರು ತಂಪಾಗಿ ಮಲಗಾಕೆ."

ರಫೀಕ್ ಭಾಯಿ ಅಳತೆಪಟ್ಟಿ ಎಳೆದ. ಕಬ್ಬಿಣದ ಚೌಕಟ್ಟು ನಿಲ್ಲಿಸಿದ. ಅದರ ಒಳಗೆ ಪ್ಲೈವುಡ್, ಹೊರಗೆ ಅಲ್ಯೂಮಿನಿಯಂ ತಗಡು, ನಡುವೆ ಥರ್ಮೋಕೋಲ್. ಥರ್ಮೋಕೋಲ್ ಕತ್ತರಿಸುವ ಕೆಲಸವನ್ನು ನನಗೆ ಬಿಟ್ಟಿದ್ದ. ಎರಡು ವಾರ ನಾನು ತಲೆಯಿಂದ ಪಾದದವರೆಗೆ ಬಿಳಿ ಕಾಳು ಅಂಟಿಸಿಕೊಂಡು ತಿರುಗಿದೆ. ಬೀದಿಯಲ್ಲಿ ಹೋಗುವವರು ನಿಂತು ವಿಚಾರಿಸುತ್ತಿದ್ದರು. ಐಸ್‌ಕ್ರೀಂ ಗಾಡಿಯೋ? ಕುರಿ ಸಾಗಿಸಾಕೋ? ಒಬ್ಬ ಹಳೆಯ ಶಿಷ್ಯ ಮಾತ್ರ ಬಹಳ ಗೌರವದಿಂದ, "ಸಂಚಾರಿ ಶೌಚಾಲಯ ಏನ್ ಸಾರ್? ಊರಿಗೆ ಬೇಕಿತ್ತು" ಎಂದ.

ಏಸಿ ಕೂರಿಸುವ ದಿನ ರಫೀಕ್ ಭಾಯಿ ಮದುವೆಗೆ ಹೋಗಿದ್ದ. ಕಿಟಕಿ ಏಸಿಯ ಹಿಂಭಾಗ ಹೊರಗೆ ಚಾಚಿಕೊಂಡರೆ ದಾರಿಯ ಧೂಳು ಹಿಡಿಯುತ್ತದಲ್ಲ ಎಂದು ನಾನೇ ಅದನ್ನು ಪೂರ್ತಿ ಒಳಗಿಟ್ಟು ಭದ್ರಮಾಡಿದೆ. ಬಾಗಿಲು ಮುಚ್ಚಿ, ಅರ್ಧ ಗಂಟೆ ಓಡಿಸಿ, ಗಿರಿಜೆಯನ್ನು ಕರೆಯುವ ಮೊದಲು ನಾನೇ ಒಳಗೆ ಹೋಗಿ ಕೂತೆ. ಇಡ್ಲಿ ಪಾತ್ರೆಯೊಳಗೆ ಇಡ್ಲಿ ಅನುಭವಿಸುವುದು ಏನೆಂದು ಆವತ್ತು ತಿಳಿಯಿತು. ಮುಂದಿನಿಂದ ಬಂದ ತಂಪನ್ನು ಹಿಂದಿನಿಂದ ಬಂದ ಬಿಸಿ ನುಂಗಿ, ಮೇಲೊಂದಿಷ್ಟು ಸೇರಿಸಿ ನನ್ನ ಮುಖಕ್ಕೆ ಉಗುಳುತ್ತಿತ್ತು. ಮರುದಿನ ರಫೀಕ್ ಭಾಯಿ ಬಂದು ನೋಡಿ, ನಗಲೂ ಇಲ್ಲ. "ಅದರ ಹಿಂದ್ಗಡೆ ಹೊರಗಿರಬೇಕು ಮೇಷ್ಟ್ರೇ. ಬಿಸಿ ಹೋಗಾಕೆ ದಾರಿ ಬೇಕಲ್ರೀ?" ಎಂದಷ್ಟೇ ಹೇಳಿ ಗೋಡೆ ಕೊರೆದ. ಬೈದಿದ್ದರೆ ಒಳ್ಳೆಯದಿತ್ತು.

ಅಂತೂ ಒಂದು ಬೆಳಿಗ್ಗೆ, ಬಿಸಿಲೇರುವ ಮುನ್ನ, ಕಾರಿಗೆ ಗಾಡಿ ಕಟ್ಟಿ, ಗಾಡಿಯೊಳಗೆ ಒಂದು ಮಂಚ, ಹೊರಗೆ ಪುಟ್ಟ ಜನರೇಟರು ಇಟ್ಟು ಹೊರಟೆವು. ಗಿರಿಜ ಮೂರು ಬೇಸಿಗೆಯ ಮೇಲೆ ರೇಷ್ಮೆ ಸೀರೆ ಉಟ್ಟಿದ್ದಳು. ದಾವಣಗೆರೆ ದಾಟಿ ಜಗಳೂರಿನ ಬಯಲು ಶುರುವಾದಾಗ ಕಿಟಕಿಗೆ ಮುಖ ಒತ್ತಿಕೊಂಡು ಕೂತಳು. ಅವಳ ತಮ್ಮ ಶಿವಣ್ಣನ ಅಂಗಳದಲ್ಲಿ ಗಾಡಿ ನಿಲ್ಲಿಸಿ, ಕರೆಂಟು ಕೊಟ್ಟು, ಸ್ವಿಚ್ಚು ಒತ್ತಿದೆ. ಹತ್ತು ನಿಮಿಷದಲ್ಲಿ ಒಳಗೆ ಮಾಗಿಯ ಮುಂಜಾವು. ಗಿರಿಜ ಒಳಗೆ ಹೋಗಿ ಮಂಚದ ಮೇಲೆ ಕೂತು ಗೋಡೆಯನ್ನು ಕೈಯಿಂದ ಸವರಿದಳು. "ಪರವಾಗಿಲ್ಲ ಕಣ್ರೀ ನೀವು" ಎಂದಳು. ನಮ್ಮ ಮೂವತ್ತೈದು ವರ್ಷದ ಸಂಸಾರದಲ್ಲಿ ನನ್ನ ಕೈಕೆಲಸಕ್ಕೆ ಸಿಕ್ಕ ಮೊದಲ ಪ್ರಶಸ್ತಿ ಅದು. ಅದನ್ನು ಒಂದು ಗಂಟೆಯಷ್ಟು ಅನುಭವಿಸಿದೆ.

ಒಂದು ಗಂಟೆಯಾದ ಮೇಲೆ ಎದುರು ಮನೆಯ ಹಿರಿಯರು ತೀರಿಕೊಂಡರು.

ವಯಸ್ಸಾದವರು. ಒಬ್ಬಳೇ ಮಗಳು ಸೂರತ್ತಿನಲ್ಲಿ. ರೈಲು ಹಿಡಿಯುತ್ತೇನೆ, ನಾಳೆ ಬೆಳಿಗ್ಗೆಯವರೆಗೆ ಇಟ್ಟಿರಿ, ಮುಖ ನೋಡಬೇಕು ಎಂದು ಫೋನಿನಲ್ಲಿ ಅಳುತ್ತಿದ್ದಳಂತೆ. ನಮ್ಮಲ್ಲಿ ಹೋದವರನ್ನು ಮಲಗಿಸುವುದಿಲ್ಲ. ವಿಭೂತಿ ಧರಿಸಿ, ಹಾರ ಹಾಕಿ, ಗೋಡೆಗೆ ಒರಗಿಸಿ ಕೂರಿಸುತ್ತೇವೆ. ಕೂತಂತೆಯೇ ಮಣ್ಣು ಮಾಡುತ್ತೇವೆ. ಜಗಳೂರಿನಿಂದ ಶವದ ತಂಪು ಪೆಟ್ಟಿಗೆ ತರಿಸಬಹುದಿತ್ತು. ಆದರೆ ಆ ಪೆಟ್ಟಿಗೆಯಲ್ಲಿ ಮಲಗಿಸಬೇಕು. ಮಲಗಿಸಿ ಸೆಟೆದುಕೊಂಡ ಮೇಲೆ ಕೂರಿಸುವುದು ಹೇಗೆ? ಊರಿನ ನಾಲ್ಕು ಜನ ಅಂಗಳದಲ್ಲಿ ನಿಂತು ಇದನ್ನೇ ಮಾತಾಡುತ್ತ ಮಾತಾಡುತ್ತ ಒಬ್ಬೊಬ್ಬರಾಗಿ ನನ್ನ ಗಾಡಿಯ ಕಡೆ ತಿರುಗಿದರು.

ಶಿವಣ್ಣ ಬಂದು ನನ್ನ ಪಕ್ಕ ನಿಂತ. "ಭಾವ, ಹೆಂಗೆ ಕೇಳಬೇಕೋ ತಿಳೀವಲ್ದು."

"ಹಾಗಾದರೆ ಕೇಳಬೇಡ" ಎಂದೆ. ಗಿರಿಜ ಆ ತಂಪಿಲ್ಲದೆ ಒಂದು ಹಗಲು ಕಳೆದರೆ ಏನಾಗುತ್ತದೆಂದು ಅವನಿಗೆ ಗೊತ್ತಿರಲಿಲ್ಲ, ನನಗೆ ಗೊತ್ತಿತ್ತು. ಕಟುಕನೆನಿಸಿಕೊಂಡರೂ ಸರಿ, ಬಾಗಿಲಿಗೆ ಅಡ್ಡ ನಿಲ್ಲುವುದೆಂದು ನಿಶ್ಚಯಿಸಿದೆ. ಅಷ್ಟರಲ್ಲಿ ನನ್ನ ಬೆನ್ನ ಹಿಂದೆ ಬಾಗಿಲು ತೆರೆಯಿತು. ಗಿರಿಜ ಕೋಲೂರಿಕೊಂಡು ಕೆಳಗಿಳಿಯುತ್ತಿದ್ದಳು.

"ಮಂಚ ಹೊರಗೆ ತಗೀರಿ, ಕೂರ್ಸಾಕೆ ಜಾಗ ಆಗ್ತೈತೆ" ಎಂದಳು ಊರವರಿಗೆ.

"ಗಿರಿಜಾ, ನಿನಗೆ ಆಗೋದಿಲ್ಲ" ಎಂದೆ.

"ಆ ಹುಡುಗಿ ಬಂದು ಖಾಲಿ ಗೋಡೆ ನೋಡಬೇಕೇನ್ರೀ? ನಾನು ನೋಡಿದ್ದು ಸಾಲ್ದೇನು?"

ನಾನು ಬಾಗಿಲಿನಿಂದ ಪಕ್ಕಕ್ಕೆ ಸರಿದೆ. ಮಂಚ ಹೊರಗೆ ಬಂತು, ಹಿರಿಯರು ಒಳಗೆ ಹೋದರು. ಪ್ಲೈವುಡ್ ಗೋಡೆಗೆ ಒರಗಿ, ಪೇಟ ಕಟ್ಟಿಕೊಂಡು, ಏಸಿಯ ಎದುರಿಗೆ ಗಂಭೀರವಾಗಿ ಕೂತರು. ನಿಜ ಹೇಳಬೇಕೆಂದರೆ, ನಾನು ಬರೆದ ಚಿತ್ರದ ಹೂವಿನ ಪರದೆಗಿಂತ ಹೆಚ್ಚು ಹೊಂದಿಕೊಂಡು ಕೂತಿದ್ದರು. ಭಜನೆಯವರು ಗಾಡಿಯ ಸುತ್ತ ಕೂತರು. ಕರೆಂಟು ಹೋದಾಗಲೆಲ್ಲ ನಾನು ಓಡಿ ಜನರೇಟರಿನ ಹಗ್ಗ ಎಳೆಯುತ್ತಿದ್ದೆ. ಅದರ ಗುಡುಗುಡುವಿನಲ್ಲಿ ತಾಳ ತಪ್ಪಿ ಭಜನೆಯವರು ನನ್ನನ್ನು ದುರುಗುಟ್ಟಿ ನೋಡುತ್ತಿದ್ದರು. ನಿಂತ ಕಾರಿನ ಏಸಿ ಹಗಲೆಲ್ಲ ಓಡುತ್ತಿರಲಿಲ್ಲ, ಜನರೇಟರು ಬಿಟ್ಟು ನಾನು ಊರಿಗೆ ಹೊರಡುವಂತೆಯೂ ಇರಲಿಲ್ಲ. ಗಿರಿಜ ಹಿತ್ತಲ ಜಗಲಿಯಲ್ಲಿ ಒದ್ದೆ ಗೋಣಿಚೀಲಗಳ ನಡುವೆ ಮಲಗಿದ್ದಳು. ಮಧ್ಯಾಹ್ನದ ಹೊತ್ತಿಗೆ ಕಾಲು ಹೋಯಿತು, ಸಂಜೆಯ ಹೊತ್ತಿಗೆ ನಾಲಿಗೆ ತೊದಲತೊಡಗಿತು. ಮರುದಿನ ಬೆಳಿಗ್ಗೆ ಸೂರತ್ತಿನ ಮಗಳು ಬಂದು, ಗಾಡಿಯ ಮೆಟ್ಟಿಲು ಹತ್ತಿ, ಅಪ್ಪನ ಕೆನ್ನೆ ಹಿಡಿದುಕೊಂಡು ಅತ್ತ ದನಿ ಹಿತ್ತಲಿಗೆ ಕೇಳಿಸಿತು. ಗಿರಿಜ ಕಣ್ಣು ಮುಚ್ಚಿಕೊಂಡೇ ನನ್ನ ಕೈ ಒತ್ತಿದಳು. ಅಪ್ಪನಿಗೆ ಅಳದವಳು ಆಗ ಅತ್ತಳು.

ಊರಿಗೆ ಮರಳಿದ ಮೇಲೆ ಅವಳು ಎದ್ದು ನಿಲ್ಲಲು ಮೂರು ವಾರ ಬೇಕಾಯಿತು. ಅಷ್ಟರಲ್ಲಿ ಗಾಡಿಯ ಕೀರ್ತಿ ನಾಲ್ಕು ತಾಲ್ಲೂಕಿಗೂ ಹಬ್ಬಿತ್ತು. "ಕೂತಂಗೇ ಇರ್ತಾರಂತಲ್ರೀ!" ಎಂದು ಫೋನು ಮಾಡುವವರು ಆಶ್ಚರ್ಯಪಡುತ್ತಿದ್ದರು. ಗಾಡಿ ಕತ್ತಲಗೆರೆಗೆ ಹೋಯಿತು, ಸಾಸ್ವೆಹಳ್ಳಿಗೆ ಹೋಯಿತು. ಬೇಡ ಎನ್ನಲು ನನಗೆ ಬಾಯಿ ಬಂದರೂ ಗಿರಿಜ ಬಿಡುತ್ತಿರಲಿಲ್ಲ. ಗಾಡಿಯ ಆ ಸಾವಿನ ಕಳೆ ಕಳೆಯಲೆಂದು ಕುಂಚ ಹಿಡಿದು ಹೊರಗೆಲ್ಲ ಗಿಳಿ, ಬಳ್ಳಿ, ದಾಸವಾಳ ಬರೆದೆ. ರಫೀಕ್ ಭಾಯಿ ದೂರ ನಿಂತು ನೋಡಿ, "ಮೇಷ್ಟ್ರೇ, ಈಗ ಪಕ್ಕಾ ಕೈಲಾಸಕ್ಕೆ ಹೋಗೋ ಗಾಡಿನೇ ಆತು ನೋಡ್ರಿ" ಎಂದ.

ಇಷ್ಟಾದ ಮೇಲೆ ಗಿರಿಜ ಅದರೊಳಗೆ ಕಾಲಿಡಲಾರಳು ಎಂದುಕೊಂಡಿದ್ದೆ. ಈ ಬೇಸಿಗೆಯಲ್ಲಿ ಗೋವಿನಕೋವಿಯ ಅವಳ ಚಿಕ್ಕಮ್ಮನ ಮನೆಗೆ ಹೋದಾಗ ಅವಳು ಸೀದಾ ಹತ್ತಿ, ಮಂಚದ ಮೇಲೆ ಕಾಲು ಚಾಚಿ, "ನೀವೂ ಬರ್ರೀ, ತಂಪೈತೆ" ಎಂದು ಕರೆದಳು. ಒಳಗೆ ಒಂದು ಹೆಜ್ಜೆ ಇಟ್ಟೆ. ಗೋಡೆಗೆ ಒರಗಿ ಕೂತಿದ್ದ ಪೇಟದ ಹಿರಿಯರು ಕಣ್ಣ ಮುಂದೆ ಬಂದರು. ಹೊರಗೆ ಸ್ವಲ್ಪ ಕೆಲಸವಿದೆ ಎಂದು ಇಳಿದುಬಿಟ್ಟೆ. ಟವೆಲು ನೆನೆಸಿ ತಲೆಗೆ ಸುತ್ತಿಕೊಂಡು, ನನ್ನ ಕೈಯಾರೆ ಕಟ್ಟಿದ ಗಾಡಿಯ ಏಸಿ ಉಗುಳುವ ಬಿಸಿಗಾಳಿಯಿಂದ ಸ್ವಲ್ಪ ದೂರದಲ್ಲಿ ಮಧ್ಯಾಹ್ನದ ಸೆಕೆಗೆ ಬೇಯುತ್ತ ಕೂತೆ. ಫೋನು ಬಂತು. ಹೊನ್ನಾಳಿಯ ಕಡೆಯ ಯಾರೋ.

"ಮೇಷ್ಟ್ರೇ, ಗಾಡಿ ಬೇಕಾಗಿತ್ತಲ್ರೀ."

"ಇವತ್ತು ಆಗೋದಿಲ್ಲ ಕಣಪ್ಪ. ಗಾಡಿಯೊಳಗೆ ಜನ ಇದ್ದಾರೆ."

"ಯಾರ್ರೀ?"

"ನಮ್ಮ ಮನೆಯವರು."

ಆ ಕಡೆಯಿಂದ ಬಹಳ ಮೆತ್ತಗಿನ ದನಿ: "ಅಯ್ಯೋ ಶಿವನೇ. ಯಾವಾಗ ಆತ್ರೀ? ಮಣ್ಣು ಎಷ್ಟೊತ್ತಿಗೆ?"

ಅವಳು ಬದುಕಿದ್ದಾಳೆ, ಮಲಗಿದ್ದಾಳೆ ಎಂದು ಗದರಿ ಫೋನು ಇಟ್ಟೆ. ಇಟ್ಟ ಮೇಲೆ ಕೂರಲಾಗಲಿಲ್ಲ. ಮೆಟ್ಟಿಲು ಹತ್ತಿ, ಸದ್ದಾಗದಂತೆ ಬಾಗಿಲು ತೆರೆದು, ಅವಳ ಹೊದಿಕೆ ಏರಿಳಿಯುತ್ತಿದೆಯೇ ಎಂದು ಇಣುಕಿ ನೋಡುತ್ತ ನಿಂತೆ.

"ಬಾಗಿಲು ಹಾಕ್ರೀ" ಎಂದಳು ಗಿರಿಜ, ಕಣ್ಣು ತೆರೆಯದೆ. "ತಂಪೆಲ್ಲ ಹೊರಗೆ ಹೋಗ್ತೈತೆ."

ನಾನು ಬಾಗಿಲು ಹಾಕಿದೆ. ಹೊರಗಿನಿಂದ.