ಹಲಸೋ, ಹುಣಸೆಯೋ?

ಸುಳ್ಳು ಹೇಳುವುದಕ್ಕೂ ಪಳಗಿರಬೇಕು. ನಾನು ಓದಿದ ಕಾನ್ವೆಂಟಿನಲ್ಲಿ ಸಿಸ್ಟರು ಕಸೂತಿ ಕಲಿಸಿದರು, ಫೋರ್ಕು ಹಿಡಿಯುವುದನ್ನು ಕಲಿಸಿದರು, ಇದೊಂದನ್ನು ಮಾತ್ರ ಕಲಿಸಲಿಲ್ಲ. "ಸುಳ್ಳು ಹೇಳಿದರೆ ನಿನ್ನ ಕಿವಿ ಕೆಂಪಾಗುತ್ತೆ" ಎಂದು ಹೆದರಿಸಿ ಬಿಟ್ಟರು. ಹಾಗಾಗಿ ಐವತ್ತೆರಡನೇ ವಯಸ್ಸಿನಲ್ಲಿ, ಕೋಲಾರದ ಒಂದು ಮರದ ಅಂಗಡಿಯಲ್ಲಿ ನಿಂತು ಮೊದಲ ದೊಡ್ಡ ಸುಳ್ಳು ಹೇಳಿದಾಗ, ಅದು ಹಲಸಿನ ಮೇಣದ ಹಾಗೆ ಕೈಗೆ ಮೆತ್ತಿಕೊಂಡಿತು.

ವಿಷಯ ಇಷ್ಟೇ. ಇದೇ ಊರಲ್ಲಿ ನಾನು ಶಾಲೆಗೆ ಹೋಗುವ ದಾರಿಯಲ್ಲಿ ಒಂದು ವಿಡಿಯೋ ಗೇಮ್ ಅಂಗಡಿಯಿತ್ತು. ಬಾಗಿಲಿಗೆ ಕೆಂಪು ಪರದೆ. ಗಾಳಿಗೆ ಅದು ಎದ್ದಾಗ, ಒಳಗೆ ಹುಡುಗರು ಕೋಲು ತಿರುಗಿಸುತ್ತಾ ಬಟನ್ ಕುಟ್ಟುವುದು ಒಂದು ಕ್ಷಣ ಕಾಣುತ್ತಿತ್ತು. ಹುಡುಗಿಯರು ಆ ಕಡೆ ತಲೆ ತಿರುಗಿಸಿದರೂ ಸಾಕು, ನಮಗಿಂತ ಮೊದಲು ಸುದ್ದಿ ಮನೆ ಮುಟ್ಟುತ್ತಿತ್ತು. ಇದನ್ನು ಯಾವತ್ತೋ ಮಗಳಿಗೆ ಹೇಳಿದ್ದೆ. ಈ ಸಲ ನನ್ನ ಹುಟ್ಟುಹಬ್ಬಕ್ಕೆ ಅವಳು ಒಂದು ಜಾಯ್‌ಸ್ಟಿಕ್, ಎಂಟು ಬಟನ್, ಒಂದು ಕಟ್ಟು ವೈರು ತಂದಳು. "ಟೀವಿಗೆ ನಾನು ಸೇರಿಸ್ಕೊಡ್ತೀನಮ್ಮ. ಇದನ್ನ ಕೂರಿಸೋ ಪೆಟ್ಟಿಗೆ ನೀನೇ ಮಾಡಿಸ್ಕೋ. ತೊಡೆ ಮೇಲಿಟ್ಕೊಂಡು ಆಡೋದು, ಮರ ನಿಂಗೆ ಹಿಡಿಸ್ಬೇಕು" ಎಂದಳು. ನಮ್ಮ ಯಜಮಾನರಿಗೆ ಹೇಳಬಾರದೆಂದು ಅವಳಿಂದ ಆಣೆ ಮಾಡಿಸಿಕೊಂಡೆ. ಬಸ್ಸಾರಿಗೆ ಉಪ್ಪು ಕಡಿಮೆಯಾದರೆ ಒಂದು ವಾರ ನಗುವ ಮನುಷ್ಯ. ಇದು ಸಿಕ್ಕರೆ ನಿವೃತ್ತಿಯವರೆಗೂ ಸಾಕು.

ಅವತ್ತಿನಿಂದ ಮನೆಯ ಮರವನ್ನೆಲ್ಲ ತಟ್ಟಿ ನೋಡತೊಡಗಿದೆ. ಚಪಾತಿ ಮಣೆ ಟಣ್ ಎಂದಿತು. ಮಂಚ ದಡ್ ಎಂದಿತು. ಬೀರುವಂತೂ ಶೀತವಾದವರ ಹಾಗೆ ಮಾತಾಡಿತು. ಇಷ್ಟು ವರ್ಷ ಒರೆಸಿದ ಸಾಮಾನುಗಳ ದನಿಯೇ ನನಗೆ ಗೊತ್ತಿರಲಿಲ್ಲ.

ಕೊನೆಗೆ ನಮ್ಮ ಮನೆಯ ಬಾಗಿಲು, ಕಿಟಕಿ ಮಾಡಿಕೊಟ್ಟ ಬಾಷಾ ಭಾಯ್ ಅಂಗಡಿಗೆ ಹೋದೆ. ಅವರ ಹುಬ್ಬಿನ ಮೇಲೆ ಯಾವಾಗಲೂ ಮರದ ಹೊಟ್ಟು ಕೂತಿರುತ್ತದೆ. ಪೆಟ್ಟಿಗೆಯೊಂದು ಬೇಕು ಎಂದರೆ ಅಳತೆ ಕೇಳಲಿಲ್ಲ. "ಯಾತಕ್ಕಮ್ಮಾ?" ಎಂದರು. "ಮರಕ್ಕೆ ಕೆಲಸ ಮೊದಲೇ ಹೇಳ್ಬೇಕು. ಇಲ್ಲಾಂದ್ರೆ ಬೇಜಾರು ಮಾಡ್ಕೊಂಡು ಸೀಳ್ತದೆ."

ಪಕ್ಕದಲ್ಲಿ ಬಾಗಿಲ ಚೌಕಟ್ಟಿಗೆ ಬಂದ ಇಬ್ಬರು ಗಿರಾಕಿಗಳು ನನ್ನನ್ನೇ ನೋಡುತ್ತಿದ್ದರು. "ದೇವರ ಮನೆಗೆ" ಎಂದುಬಿಟ್ಟೆ.

ಭಾಯ್ ಹೋಗಿ ಕೈ ತೊಳೆದುಕೊಂಡು ಬಂದರು. ನಾನು ನೀಲಗಿರಿ ಹಲಗೆ ಮುಟ್ಟಿದರೆ "ಸೊಟ್ಟಗಾಗ್ತದೆ" ಎಂದರು. ಪ್ಲೈವುಡ್ಡು ತೋರಿಸಿದರೆ "ಅಂಟು ಹಾಕಿದ್ದಮ್ಮಾ, ದೇವ್ರಿಗಾ?" ಎಂದು ನೊಂದುಕೊಂಡರು. ಒಳಗಿನಿಂದ ಹಲಸಿನ ತುಂಡು ತಂದು ನೀರು ಚಿಮುಕಿಸಿದರು. ಅರಿಶಿನ ಕಲಸಿದ ಹಾಗೆ ಬಣ್ಣ ಎದ್ದಿತು. "ವೀಣೆಗೂ ಇದೇ" ಎಂದರು. ಅಳತೆ, ತೂತುಗಳ ಜಾಗ ಎಲ್ಲ ಮಗಳು ಬರೆದುಕೊಟ್ಟಿದ್ದ ಚೀಟಿ ಕೊಟ್ಟೆ.

"ಎಂಟು ತೂತು ಯಾಕಮ್ಮಾ?"

"ದೀಪಕ್ಕೆ."

"ಈ ಕಡೆ ಒಂಟಿ ತೂತು?"

"ಅದೂ... ದೀಪಕ್ಕೇ." ಕಿವಿ ಒಲೆಯ ಹಾಗೆ ಕಾಯುತ್ತಿತ್ತು.

ವಾರ ಬಿಟ್ಟು ಪೆಟ್ಟಿಗೆ ಬಂತು. ಅಂಚಿಗೆಲ್ಲ ತಾವರೆ ದಳ ಕೆತ್ತಿದ್ದರು. ಮಗಳು ಬಟನ್ ಕೂರಿಸಲು ಹೋಗಿ, ಹಲಗೆಯನ್ನು ಮಗುಚಿ ನೋಡಿ, ನೆಲದ ಮೇಲೆ ಬಿದ್ದು ನಕ್ಕಳು. ಒಂದು ತೂತೂ ಹಲಗೆಯ ಆಚೆ ಬದಿಗೆ ತೂರಿರಲಿಲ್ಲ. ಒಂಬತ್ತು ಚೆಂದದ ಕುಳಿಗಳು, ಅಷ್ಟೇ. ಬಟನ್ನಿನ ಬಾಲ ಹೋಗುವುದೆಲ್ಲಿಗೆ?

ಮತ್ತೆ ಓಡಿದೆ. "ಪೂರ್ತಿ ಕೊರೆದ್ರೆ ದೀಪ ಕೆಳಗೆ ಬೀಳ್ತದಲ್ಲಮ್ಮಾ! ಚೀಟಿಯಲ್ಲಿ ತಪ್ಪಿತ್ತು, ನಾನೇ ಸರಿ ಮಾಡ್ದೆ" ಎಂದರು, ಶಾಭಾಸ್‌ಗಿರಿಗೆ ಕಾಯುತ್ತಾ. ಇನ್ನು ಬೇರೆ ದಾರಿಯಿರಲಿಲ್ಲ. ಎಲ್ಲ ಒಪ್ಪಿಕೊಂಡೆ: ಜಾಯ್‌ಸ್ಟಿಕ್ಕು, ಬಟನ್ನು, ಕೆಂಪು ಪರದೆ.

ಭಾಯ್ ನಕ್ಕ ರಭಸಕ್ಕೆ ಹುಬ್ಬಿನ ಹೊಟ್ಟೆಲ್ಲ ಉದುರಿತು. "ಮೊದಲೇ ಹೇಳಬಾರ್ದಿತ್ತಾ ಅಮ್ಮಾ? ಆ ಪರದೆ ಒಳಗೆ ನಾನೂ ಇರ್ತಿದ್ದೆ!" ಎಂದರು. ಅದನ್ನೇ ಪೂರ್ತಿ ಕೊರೆದುಕೊಡಿ ಎಂದರೆ ಅಡ್ಡಡ್ಡ ತಲೆಯಾಡಿಸಿದರು. "ದೇವ್ರ ಹೆಸರಲ್ಲಿ ಮಾಡಿದ್ದನ್ನ ಆಟಕ್ಕೆ ಕೊರೆಯಲ್ಲ. ಅದಿರಲಿ, ಆಡುವಾಗ ಜೋರಾಗಿ ಕುಟ್ತೀರಾ?"

"ಗೊತ್ತಿಲ್ಲ ಭಾಯ್. ಸೋತರೆ ಕುಟ್ಟಬಹುದು."

"ಹಂಗಾದ್ರೆ ಹುಣಸೆ. ಮಟನ್ ಅಂಗಡೀಲಿ ಕೊಚ್ಚೋ ದಿಮ್ಮಿ ಅದೇ. ಎಷ್ಟು ಹೊಡೆದ್ರೂ ಉಸಿರೆತ್ತಲ್ಲ. ಭಾರ ಬೇರೆ, ತೊಡೆಯಿಂದ ಜಾರಲ್ಲ."

ಈಗ ಹಲಸಿನ ಪೆಟ್ಟಿಗೆ ದೇವರ ಮನೆಯಲ್ಲಿದೆ. ಶುಕ್ರವಾರ ಅದರಲ್ಲಿ ಒಂಬತ್ತು ದೀಪ ಹಚ್ಚುತ್ತೇನೆ. ಹುಣಸೆಯದು ಅಕ್ಕಿ ಡ್ರಮ್ಮಿನ ಹಿಂದಿದೆ. ಮೊನ್ನೆ ಯಜಮಾನರ ಜೊತೆ ತರಕಾರಿ ಕೊಳ್ಳುವಾಗ ಭಾಯ್ ಸಿಕ್ಕರು. ನಮ್ಮವರು ಹೆಮ್ಮೆಯಿಂದ, "ನೀವು ಪೀಠ ಮಾಡಿಕೊಟ್ಟ ಮೇಲೆ ಇವಳಿಗೆ ಭಕ್ತಿ ಜಾಸ್ತಿ ಆಗಿದೆ ಕಣ್ರೀ. ಮಧ್ಯಾಹ್ನ ಆಫೀಸಿಂದ ಫೋನ್ ಮಾಡಿದ್ರೆ ಎತ್ತೋದೇ ಇಲ್ಲ, ದೇವರ ಮನೇಲಿದ್ದೆ ಅಂತಾಳೆ" ಎಂದರು.

ಭಾಯ್ ಮುಖದಲ್ಲಿ ಒಂದು ಗೆರೆಯೂ ಅಲ್ಲಾಡಲಿಲ್ಲ. "ದೇವ್ರು ಒಲಿದ್ರಾ ಅಮ್ಮಾ?"

"ಎಲ್ಲಿ ಭಾಯ್, ಇನ್ನೂ ಎರಡನೇ ಮೆಟ್ಟಿಲೇ ದಾಟಿಲ್ಲ."

"ಸಾಧನೆ ಅಂದ್ರೆ ಹಾಗೇ" ಎಂದು ನಮ್ಮವರು ನನಗೆ ಸಮಾಧಾನ ಹೇಳಿದರು.

ಸೆರಗು ಸರಿಮಾಡುವ ನೆಪದಲ್ಲಿ ಕಿವಿ ಮುಟ್ಟಿ ನೋಡಿಕೊಂಡೆ. ತಣ್ಣಗಿತ್ತು.